ತಂಡೇಲರು ಬಿಟ್ಟುಕೊಟ್ಟ ಮಳೆಗಾಲ

ಒಣಸಿಗಡಿಯ ವಾಸನೆಗೆ ಮರ್ಯಾದೆ ಎಂಬುದಿಲ್ಲ. ಅದು ಕರೆಯದೆ ಬರುತ್ತದೆ, ಬಂದಮೇಲೆ ಹೋಗುವುದಿಲ್ಲ. ನಮ್ಮ ಕಡೆಯ ಕೆಲವು ನೆಂಟರ ಹಾಗೆ. ಹೋದ ಮಳೆಗಾಲದಲ್ಲಿ, ಬ್ರಹ್ಮಾವರದಿಂದ ಕೊಕ್ಕರ್ಣೆಗೆ ಹೋಗುವ ರಸ್ತೆಯ ಪಕ್ಕದ ಒಂದು ಪುಟ್ಟ ಜೀವವಿಜ್ಞಾನ ಕೇಂದ್ರದಲ್ಲಿ ಫ್ರೀಜರಿನ ಬಾಗಿಲು ತೆಗೆದಾಗ ಅದು ನೇರವಾಗಿ ನನ್ನ ಮೂಗಿಗೇ ಬಂದು ಕೂತಿತು. ಕೇಂದ್ರವನ್ನು ಮುಚ್ಚುವವರಿದ್ದರು. ಒಳಗಿನದನ್ನು ಖಾಲಿ ಮಾಡಿಸಲು ನನ್ನ ಹಳೆಯ ಗೈಡ್, ಈಗ ನಿವೃತ್ತರಾದ ವಾಮನ ಸರ್ ಬಂದಿದ್ದರು. ಊರಿನಲ್ಲಿದ್ದ ನನ್ನನ್ನೂ ಕರೆಸಿಕೊಂಡಿದ್ದರು. ಮಂಜು ಕರಗಿ ತೊಟ್ಟಿಕ್ಕುತ್ತಿದ್ದ ಮೀನಿನ ಸ್ಯಾಂಪಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಪೊಟ್ಟಣ. ಅದರ ಮೇಲೆ ಸರ್ ಅವರ ಉರುಟು ಅಕ್ಷರದ ಚೀಟಿ: ಒಣಸಿಗಡಿ. ಸ್ಥಳ, ಗಂಗೊಳ್ಳಿ. ಸಂಗ್ರಹಿಸಿದವರು, ಶ್ರೀಮತಿ ಸೀತು.

ಸೀತು ನನ್ನ ಅಬ್ಬಿ. ನಮ್ಮಲ್ಲಿ ತಾಯಿಯನ್ನು ಹಾಗೆ ಕರೆಯುವುದು. ವಿಜ್ಞಾನಕ್ಕೆ ಅವಳು ಸಲ್ಲಿಸಿದ ಏಕೈಕ ಕೊಡುಗೆ ಆ ಪೊಟ್ಟಣ. ಅದು ಆ ಫ್ರೀಜರಿಗೆ ಹೋಗಿ ಸೇರಿದ್ದು ನಾನು ಪಿಎಚ್‌ಡಿ ಮುಗಿಸಿ, ಬಲೆಯೊಳಗಿನ ಬಂಗುಡೆಯಂತೆ ಮನೆಯಲ್ಲಿ ಸಿಕ್ಕಿಬಿದ್ದಿದ್ದ ಮಳೆಗಾಲದಲ್ಲಿ.

ಅದು ಎರಡು ಸಾವಿರದ ಎಂಟನೆಯ ಇಸವಿ. ನಮ್ಮ ಕೇರಿಗೆ ನಾನೇ ಮೊದಲ ಡಾಕ್ಟರು. ಆದರೂ ಹುಣ್ಣು, ಕೆಮ್ಮು ಎಂದು ಯಾರೂ ತೋರಿಸಲು ಬರಲಿಲ್ಲ, ಯಾಕೆಂದರೆ ಅಬ್ಬಿ ಮೊದಲೇ ಸಾರಿಬಿಟ್ಟಿದ್ದಳು: "ನಮ್ಮ ಡಾಕ್ಟ್ರ ಹತ್ರ ಹೋಯ್ಬೇಡಿ ಮರ್ರೆ. ಅವ ಕೈ ಹಾಕಿದ್ದ್ ಒಂದ್ ಮೀನೂ ಇಷ್ಟರೊಳಗ್ ಬದ್ಕ್ಲಿಲ್ಲೆ."

ಹಾಗೆ ನೋಡಿದರೆ ನಾನು ಮೀನಿಗೆ ಕೈ ಹಾಕಿದ್ದೇ ಕಡಿಮೆ. ಪ್ರತಿ ಮೀನಿನ ಒಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ, ಕೊನೆಯೇ ಇಲ್ಲವೇನೋ ಎನ್ನಿಸುವ ಒಂದು ಸಾಲು ಇರುತ್ತದೆ. ಗಂಗೊಳ್ಳಿಯ ಬಂಗುಡೆಯ ಸಾಲನ್ನೂ ಬೇರೆ ಬಂದರುಗಳ ಬಂಗುಡೆಯ ಸಾಲನ್ನೂ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಜೋಡಿಸಿ, ಎಲ್ಲಿ ಅಕ್ಷರ ತಪ್ಪುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಆಗ ಇವೆಲ್ಲ ಒಂದೇ ಬಳಗವೋ ಬೇರೆಬೇರೆಯೋ ಎಂದು ತಿಳಿಯುತ್ತದೆ. ಇದಕ್ಕೆ ಬಯೋಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಅಪ್ಪಯ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನಾಲ್ಕ್ ಅಕ್ಷರ ಓದುಕೆ ಐದ್ ವರ್ಷವಾ ಮಗಾ? ಶಾಲಿಯಂಗೆ ಐವತ್ತ್ ಅಕ್ಷರ ಒಂದೇ ವರ್ಷದಂಗೆ ಕಲ್ತಿದ್ಯಲ್ಲ" ಎಂದಿದ್ದರು.

ಪಿಎಚ್‌ಡಿ ಮುಗಿದವನ ಮುಂದಿನ ಮೆಟ್ಟಿಲು ಪೋಸ್ಟ್ ಡಾಕ್. ಇದನ್ನು ಮನೆಯಲ್ಲಿ ವಿವರಿಸುವುದು ಪಿಎಚ್‌ಡಿಗಿಂತ ಕಷ್ಟದ ಕೆಲಸ. ಜಗಲಿಯಲ್ಲಿ ಹಳೆಯ ಬಲೆ ಹರಡಿಕೊಂಡು ತೂತು ಹೊಲಿಯುತ್ತಿದ್ದ ಅಪ್ಪಯ್ಯ ಕೇಳಿದರು:

"ಕಲ್ತ್ ಮುಗಿತಲ್ದಾ? ಇನ್ನೆಂತ ಬಾಕಿ ಇತ್ತ್?"

"ಇದ್ ಕಲಿಯುದಲ್ಲ ಅಪ್ಪಯ್ಯ. ನಾರ್ವೆ ದೇಶದಂಗೆ, ದೊಡ್ಡ ವಿಜ್ಞಾನಿಗಳ ಲ್ಯಾಬಂಗೆ ಕೆಲ್ಸ. ಎರಡ್ ವರ್ಷ."

"ಆಮೇಲೆ ಅಲ್ಲೇ ಖಾಯಂ ಮಾಡ್ಕಂತ್ರಾ?"

"ಇಲ್ಲೆ. ಆಮೇಲೆ ಇನ್ನೊಬ್ರ ಲ್ಯಾಬಂಗೆ ಎರಡ್ ವರ್ಷ."

"ಲ್ಯಾಬ್ ಅವ್ರದ್ದ್. ದುಡಿಮೆ ನಿಂದ್. ಹೆಸ್ರ್ ಯಾರದ್ದ್?"

"ಇಬ್ರದ್ದೂ. ಅವ್ರದ್ದ್ ಕಡಿಗೆ ಬತ್ತ್. ಕಡಿಗೆ ಬಂದದ್ದೇ ದೊಡ್ಡದ್."

ಅಪ್ಪಯ್ಯನ ಮುಖ ಬೆಳಗಿತು. "ಹಾಂಗಾರೆ ಕಲಾಸಿ ಅನ್ನ್. ಅದನ್ನ್ ಇಷ್ಟ್ ಉದ್ದ ಮಾಡಿ ಹೇಳುದ್ ಎಂತಕೆ?"

ಅಪ್ಪಯ್ಯ ಮೀನುಗಾರಿಕೆ ಬೋಟಿನಲ್ಲಿ ತಂಡೇಲರಾಗಿದ್ದವರು. ಬೋಟು ಎತ್ತ ತಿರುಗಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವವ ತಂಡೇಲ. ಅವನ ಮಾತಿನ ಮೇಲೆ ಬಲೆ ಬಿಟ್ಟು, ಎಳೆದು, ಮೀನು ಆರಿಸಿ, ಬೈಗುಳ ತಿಂದು ಬದುಕುವವ ಕಲಾಸಿ. ಆಮೇಲೆ ಎಷ್ಟೋ ದೊಡ್ಡವರ ಬಾಯಲ್ಲಿ ಪೋಸ್ಟ್ ಡಾಕ್ ಎಂದರೇನು ಎಂಬ ಭಾಷಣ ಕೇಳಿದ್ದೇನೆ. ಇಷ್ಟು ಸರಿಯಾದದ್ದು ಯಾರ ಬಾಯಲ್ಲೂ ಬರಲಿಲ್ಲ.

"ಸ್ವಂತ ಬೋಟ್ ಯಾವಾಗ?" ಅಪ್ಪಯ್ಯ ಬಿಡಲಿಲ್ಲ.

"ಅದ್ ಗೊತ್ತಿಲ್ಲೆ."

ಒಳಗಿನಿಂದ ಅಬ್ಬಿಯ ಪ್ರಶ್ನೆ ಬಂತು: "ಆ ನಾರ್ವೆಯಂಗೆ ಮಳಿ ಇತ್ತಾ?"

"ವರ್ಷಿಡೀ ಬತ್ತ್ ಗಡ."

"ಹಾಂಗಾರೆ ನೀನ್ ಮಳಿ ತಪ್ಸ್ಕಂಬುಕೆ ಹೋಪುದಾ, ಮಳಿ ಹುಡ್ಕಂಡ್ ಹೋಪುದಾ?"

ಹುಡುಕಿಕೊಂಡು ಹೋಗಲಾದರೂ ಬಿಡಬೇಕಲ್ಲ! ಹೈದರಾಬಾದು, ಪುಣೆ, ಜರ್ಮನಿ ಎಂದು ನಾನು ಕಂಡಕಂಡಲ್ಲಿಗೆಲ್ಲ ಅರ್ಜಿ ಹಾಕಿದ್ದೆ. ಉತ್ತರ ಬಂದದ್ದು ನಾರ್ವೆಯ ಒಂದು ಲ್ಯಾಬಿನಿಂದ ಮಾತ್ರ. ಅವರದೂ ಮೀನಿನ ಕೆಲಸ. ಫೋನಿನಲ್ಲಿ ಮಾತಾಡಿಸಿ, ಒಪ್ಪಿ, ಕೊನೆಗೊಂದು ಮಾತು ಹೇಳಿದ್ದರು: ಮೂವರು ಗುರುಗಳು ನಿನ್ನ ಬಗ್ಗೆ ಶಿಫಾರಸು ಬರೆದು ನೇರವಾಗಿ ನಮಗೇ ಕಳಿಸಬೇಕು. ಇಬ್ಬರದು ಹೋಗಿತ್ತು. ಮೂರನೆಯದು ಗೈಡ್‌ದೇ ಆಗಬೇಕು. ಅದಿಲ್ಲದೆ ಕೆಲಸದ ಆದೇಶ ಕಳಿಸುವುದಿಲ್ಲ. ಕೊನೆಯ ದಿನ, ಕೃಷ್ಣಾಷ್ಟಮಿಯ ಹಿಂದಿನ ದಿನ. ವಾಮನ ಸರ್ ಬರೆದಿರಲಿಲ್ಲ.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ಅವರಿಗೆ ವಾಮನ ಎಂದು ಹೆಸರಿಟ್ಟವರು ಅವರ ಎತ್ತರ ನೋಡಲು ಕಾಯಲಿಲ್ಲ. ಕೇಂದ್ರದ ಬಾಗಿಲಲ್ಲಿ ತಲೆ ತಗ್ಗಿಸದೆ ಅವರು ಒಳಬಂದದ್ದಿಲ್ಲ. ಜೀವಮಾನವಿಡೀ ಮೀನಿನ ಬಗ್ಗೆ ಬರೆದವರು, ಒಂದು ದಿನವೂ ಮೀನು ತಿಂದವರಲ್ಲ. ಮಾತು ಮಂಗಳೂರಿನ ಕಡೆಯದು. ಯಾವ ಪ್ರಶ್ನೆ ಕೇಳಿದರೂ ಮೊದಲು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಉಜ್ಜಿ, ಗಂಟಲಲ್ಲಿ ಸಣ್ಣ ಗುಡುಗು ಮಾಡಿ, "ನೋಡುವ" ಎನ್ನುತ್ತಿದ್ದರು. ಆ 'ನೋಡುವ'ದಲ್ಲಿ ಹೌದು ಇರಲಿಲ್ಲ, ಇಲ್ಲವೂ ಇರಲಿಲ್ಲ. ಮಳೆಗಾಲದ ಆಕಾಶದ ಹಾಗೆ ಅದು ಸುಮ್ಮನೆ ಮೇಲೆ ತೂಗಿಕೊಂಡಿರುತ್ತಿತ್ತು.

ನಾನೋ, ಅಣಕದ ಮಾಣಿ. ಈ ರೋಗ ಅಬ್ಬಿಯಿಂದ ಬಂದದ್ದು. ಮೀನು ಮಾರಿ ಬಂದ ಸಂಜೆ ಅವಳು ಹರಾಜು ಕೂಗುವವನಿಂದ ಹಿಡಿದು ಚೌಕಾಸಿ ಮಾಡುವ ಹೋಟೆಲಿನವರ ತನಕ ಎಲ್ಲರನ್ನೂ ಮನೆಯಲ್ಲಿ ಇನ್ನೊಮ್ಮೆ ಆಡಿಸುತ್ತಿದ್ದಳು. ನಾನು ಅದನ್ನು ಮುಂದುವರಿಸಿದೆ. ಬೈಂದೂರು ಬಸ್ಸಿನ ಕಂಡಕ್ಟರು, ಕೆಟ್ಟುನಿಂತ ಐಸ್ ಪ್ಲಾಂಟಿನ ಮೋಟಾರು, ನಾರ್ವೆಯವರ ಫೋನು ಬಂದಾಗ ಎದ್ದುನಿಂತು ಗೋಡೆಗೆ ನಮಸ್ಕಾರ ಮಾಡಿದ ನಾನು, ಎಲ್ಲ ನನ್ನ ಪಟ್ಟಿಯಲ್ಲಿದ್ದರು. ಆದರೆ ಆ ಮಳೆಗಾಲದಲ್ಲಿ ಎಲ್ಲರಿಗಿಂತ ಹೆಚ್ಚು ಓಡಿದ್ದು ವಾಮನ ಸರ್ ಅವರ ಪಾತ್ರ. ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಬಂದು, ಇಲ್ಲದ ಕನ್ನಡಕ ಉಜ್ಜಿ, "ಗಂಜಿಗೆ ಉಪ್ಪು ಬೇಕಾ? ನೋಡುವ" ಎಂದರೆ ಸಾಕು, ಅಬ್ಬಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಗುವುದೆಂದರೆ ಹಲ್ಲು ಕೀಳಿಸಿಕೊಳ್ಳುವುದು ಎಂದು ತಿಳಿದಿದ್ದ ಅಪ್ಪಯ್ಯನೂ ನಗುತ್ತಿದ್ದರು.

ನಗುವುದು ಬಿಟ್ಟರೆ ಮಾಡಲು ಬೇರೇನೂ ಇರಲಿಲ್ಲ. ಬೋಟುಗಳೆಲ್ಲ ಮೇಲೆ ಬಂದಿದ್ದವು. ಐಸ್ ಪ್ಲಾಂಟು ಸುಮ್ಮನಾಗಿತ್ತು. ಕಡಲು ಹಗಲೂ ರಾತ್ರಿ ಒಂದೇ ಮಾತನ್ನು ಹೇಳುತ್ತಿತ್ತು. ಗಂಗೊಳ್ಳಿಯ ಧಕ್ಕೆಯಲ್ಲಿ, ಬೋಟು ಕಟ್ಟುವ ಕಟ್ಟೆಯಲ್ಲಿ, ನಿಂತರೆ ಹೊಳೆಯ ಆಚೆ ಕುಂದಾಪುರ ಕಾಣುತ್ತದೆ. ಬೇಸಿಗೆಯಲ್ಲಿ ದೋಣಿ ಹತ್ತಿದರೆ ಬೀಡಿ ಮುಗಿಯುವುದರೊಳಗೆ ಆ ದಡ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಬ್ಬಿ ದೋಣಿ ನಿಂತಿತೆಂದರೆ ಅದೇ ಕುಂದಾಪುರಕ್ಕೆ ಬೆನ್ನು ಹಾಕಿ, ತ್ರಾಸಿ, ಹೆಮ್ಮಾಡಿ, ತಲ್ಲೂರು ಎಂದು ಬಸ್ಸಿನಲ್ಲಿ ಸುತ್ತಿ ಬರಬೇಕು. ಕಣ್ಣೆದುರು ಇರುವ ಜಾಗಕ್ಕೆ ಹೋಗಲು ಅದರಿಂದ ದೂರ ಹೊರಡುವ ಪ್ರಯಾಣ. ಅದನ್ನು ನಾನು ಪ್ರತಿ ಸೋಮವಾರ ಮಾಡುತ್ತಿದ್ದೆ. ಕುಂದಾಪುರದಲ್ಲಿ ಇಳಿದು ಬ್ರಹ್ಮಾವರದ ಬಸ್ಸು, ಅಲ್ಲಿಂದ ಕೊಕ್ಕರ್ಣೆಯ ಬಸ್ಸು. ಕೊಡೆಯಿಂದ ನೀರು ಸುರಿಸಿಕೊಂಡು ಸರ್ ಅವರ ಮೇಜಿನ ಮುಂದೆ ನಿಲ್ಲುವುದು.

"ಸರ್, ಆ ಪತ್ರ..."

"ಊಟ ಆಯಿತಾ ನಿನ್ನದು?"

"ಆಯಿತು ಸರ್. ಆ ನಾರ್ವೆಯ..."

ಕನ್ನಡಕ ಕೆಳಗಿಳಿಯುತ್ತಿತ್ತು. ಉಜ್ಜಾಟ. ಗುಡುಗು. "ನೋಡುವ ಮಾರಾಯ. ಈಗ ಒಮ್ಮೆ ಆ ಕಂಪ್ಯೂಟರ್ ಏನು ಹೇಳ್ತದೆ ಅಂತ ನೋಡು. ಬೆಳಿಗ್ಗೆಯಿಂದ ಮುಷ್ಕರ ಹೂಡಿದೆ."

ನಾನು ಹೋಗಿ ಮುಷ್ಕರ ಮುರಿಯುತ್ತಿದ್ದೆ. ಅದು ಮುರಿಯುವಷ್ಟರಲ್ಲಿ ಸಂಜೆ. ಮತ್ತೆ ಬಸ್ಸು, ಮತ್ತೆ ಸುತ್ತು, ಮತ್ತೆ ಕೇರಿಯ ತಿರುವಿನಲ್ಲಿ ಯಾರಾದರೂ ಒಬ್ಬರು: "ಹ್ವಾಯ್ ಡಾಕ್ಟ್ರೇ, ಇನ್ನೂ ಹೋಯ್ಲಿಲ್ಯಾ?" ಮತ್ತೆ ಮತ್ತೆ ಗುರುಗಳನ್ನು ಹೇಗೆ ಕೇಳುವುದು? ಸಿಟ್ಟು ಬಂದರೆ ಬರೆಯದೇ ಬಿಟ್ಟಾರು. ಕೇಳದಿದ್ದರೂ ಬರೆಯುವುದಿಲ್ಲ. ಎಲ್ಲರ ಸ್ವರ ಬರುವ ನನಗೆ ನನ್ನ ಕೆಲಸಕ್ಕೆ ಬೇಕಾದ ಒಂದು ವಾಕ್ಯ ಬರುತ್ತಿರಲಿಲ್ಲ.

ಆಷಾಢದ ನಡುವೆ ಒಂದು ದಿನ ನಾನು ಮನೆಯಲ್ಲಿ 'ನೋಡುವ'ದ ಹೊಸ ಆವೃತ್ತಿ ತೋರಿಸುತ್ತಿದ್ದೆ. ಅಪ್ಪಯ್ಯ ಈ ಸಲ ನಗಲಿಲ್ಲ.

"ಮಗಾ, ನಿಮ್ಮ ತಂಡೇಲ್ರ್ ನಿನ್ನನ್ನ್ ಬಿಟ್ಟ್ ಕೊಟ್ರಾ?"

"ಬಿಟ್ಟ್ ಕೊಡುದಂದ್ರೆ ಎಂತ?"

ಮಳೆಗಾಲ ನಮ್ಮ ಕೇರಿಯಲ್ಲಿ ಕಲಾಸಿಗಳು ಬೋಟು ಬದಲಿಸುವ ಕಾಲ. ಅಪ್ಪಯ್ಯ ನಡೆ ತಪ್ಪದೆ ಪಾಲಿಸಿಕೊಂಡು ಬಂದ ಒಂದು ಕ್ರಮವಿತ್ತು. ಬೋಟು ಬಿಡುವ ಕಲಾಸಿ ತಾನೊಬ್ಬನೇ ಹೋಗಿ ಕೇಳಬಾರದು. ಹಿರಿಯರೊಬ್ಬರು ಜೊತೆಗೆ ಹೋಗಬೇಕು. ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಮನೆಯ ಒಣಮೀನು. ತಂಡೇಲ ಎಲ್ಲರ ಎದುರು ಬಾಯಿಬಿಟ್ಟು "ಬಿಟ್ಟೆ" ಎನ್ನಬೇಕು. ಆ ಮಾತಿಲ್ಲದೆ ಬಂದವನನ್ನು ಅಪ್ಪಯ್ಯ ತನ್ನ ಬೋಟಿಗೆ ಹತ್ತಿಸಿಕೊಂಡದ್ದೇ ಇಲ್ಲ.

"ನೀ ಒಬ್ನೇ ಹೋಯ್ ಹೋಯ್ ಕೇಂಡ್ರೆ ಅವ್ರ್ ಹ್ಯಾಂಗ್ ಕೊಡ್ತ್ರ್? ಇವ್ನಿಗ್ ಹಿಂದೆ ಮುಂದೆ ಯಾರೂ ಇಲ್ಯಾ ಅಂದೇಳಿ ಅವ್ರಿಗೂ ಬೇಜಾರ್ ಆಯಿರ್ಕ್. ನಾಳೆ ನಾನ್ ಬತ್ತೆ."

"ಅಪ್ಪಯ್ಯ, ಇದ್ ಬೋಟಲ್ಲ!"

"ನೀನೇ ಅಲ್ದಾ ಹೇಳಿದ್ದ್, ಕಲಾಸಿ ಕೆಲ್ಸ ಅಂದೇಳಿ?"

ಹೇಳಿದ್ದು ಅವರೇ. ಆದರೆ ಆ ದಿನ ನಾನು ಅಲ್ಲ ಎಂದಿರಲಿಲ್ಲ.

ಮರುದಿನ ಬಿಳಿ ಪಂಚೆ, ಇಸ್ತ್ರಿ ಅಂಗಿಯಲ್ಲಿ ಅಪ್ಪಯ್ಯ ಹೊರಟರು. ಚೀಲದಲ್ಲಿ ಕಾಯಿ, ಎಲೆ ಅಡಿಕೆ. ಸರ್ ಮೀನು ತಿನ್ನುವುದಿಲ್ಲ ಎಂದು ನಾನು ಮೊದಲೇ ಗೋಗರೆದಿದ್ದೆ. ಅಬ್ಬಿ "ಆಯ್ತ್, ಆಯ್ತ್" ಎಂದಿದ್ದಳು. ಅವಳು ಯಾವ ಪೊಟ್ಟಣವನ್ನು ಚೀಲದ ತಳಕ್ಕೆ ಸೇರಿಸಿದ್ದಾಳೆ ಎಂಬುದು ಹೆಮ್ಮಾಡಿ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಯಿತು. ಕಿಟಕಿಗಳ ತಾಡಪಾಲು ಇಳಿಸಿತ್ತು. ವಾಸನೆಗೂ ಹೊರಗೆ ಹೋಗಲು ದಾರಿಯಿರಲಿಲ್ಲ. ನಮ್ಮಿಬ್ಬರ ಸ್ಥಿತಿ ಒಂದೇ.

ವಾಮನ ಸರ್ ಎದ್ದುನಿಂತು ಅಪ್ಪಯ್ಯನನ್ನು ಕೂರಿಸಿದರು. ಅಪ್ಪಯ್ಯ ಕುರ್ಚಿಯ ತುದಿಯಲ್ಲಿ ಕೂತು, ತಂದದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ನೇರವಾಗಿ ವಿಷಯಕ್ಕೆ ಬಂದರು.

"ನಮ್ಮ ಮಾಣಿ ಐದ್ ವರ್ಷ ನಿಮ್ಮ ಬೋಟಂಗೆ ದುಡ್ದ. ಈಗ ಬೇರೆ ಬೋಟಿಂದ ಕರೆ ಬಂದಿತ್. ನೀವ್ ಒಂದ್ ಬಾಯಿ ಮಾತ್ ಹೇಳ್ಕ್."

ಸರ್ ನನ್ನ ಮುಖ ನೋಡಿದರು. "ಬೋಟಾ?"

ನಾನು ನೆಲ ನೋಡಿದೆ. ಆ ಕ್ಷಣದಲ್ಲಿ ನೆಲದ ಸಿಮೆಂಟಿನಲ್ಲಿ ಎಷ್ಟು ಬಿರುಕು ಇದ್ದವು ಎಂದು ಈಗಲೂ ಚಿತ್ರ ಬರೆದು ತೋರಿಸಬಲ್ಲೆ. ಕೇರಿಯ ಕ್ರಮವನ್ನು ತೊದಲುತ್ತಾ ವಿವರಿಸಿದೆ. ಅಪ್ಪಯ್ಯನಿಗೆ ನನ್ನ ವಕಾಲತ್ತು ಸಾಲದೆಂದು ಕಂಡಿರಬೇಕು, ಸ್ನೇಹ ಬೆಳೆಸಲು ಹೊರಟರು.

"ನಿಮ್ಮನ್ನ್ ಕಂಡ್ರೆ ಇವ್ನಿಗ್ ಭಾರೀ ಪ್ರೀತಿ. ದಿನಾ ಮನಿಯಂಗೆ ನಿಮ್ಮನ್ನ್ ಮಾಡಿ ತೋರ್ಸ್ತ. ನಾವೆಲ್ಲ ನೆಗಾಡಿ ನೆಗಾಡಿ ಸಾಕಾತ್ತ್ ಮರ್ರೆ!"

ಅಪ್ಪಯ್ಯನ ಲೆಕ್ಕದಲ್ಲಿ ಇದು ದೊಡ್ಡ ಮರ್ಯಾದೆ. ಕಲಾಸಿಗಳು ಯಾವ ತಂಡೇಲನನ್ನು ಅಣಕಿಸುವುದಿಲ್ಲವೋ ಅವನು ಲೆಕ್ಕಕ್ಕಿಲ್ಲದ ತಂಡೇಲ. ನನ್ನ ಲೆಕ್ಕದಲ್ಲಿ ನಾರ್ವೆ ಆಗಲೇ ಭೂಪಟದಿಂದ ಅಳಿಸಿಹೋಗಿತ್ತು.

"ಹೌದಾ?" ಎಂದರು ಸರ್. ಕನ್ನಡಕ ತೆಗೆದರು. ಅಂಗಿಯ ತುದಿಯಲ್ಲಿ ಉಜ್ಜಿದರು. ಗಂಟಲು ಗುಡುಗಿತು. "ನೋಡುವ."

ಅಪ್ಪಯ್ಯ ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. "ಅದೇ! ಅದೇ! ಹೀಂಗೇ ಮಾಡ್ತ!"

ಹಂಚಿನ ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ಸರ್ ನನ್ನ ಕಡೆ ತಿರುಗಿದರು. "ಮಾಡು, ನೋಡುವ."

"ಸರ್..."

"ಮಾಡು ಅಂದೆ."

ಮಾಡಿದೆ. ಕೈ ಇಲ್ಲದ ಕನ್ನಡಕಕ್ಕೆ ಹೋಯಿತು, ಬಾಯಿಂದ ಬಂದದ್ದು ಮಾತ್ರ ಒದ್ದೆ ಬೆಕ್ಕಿನ ಸ್ವರ. ಸರ್ ಪರೀಕ್ಷಕರಂತೆ ಪೂರ್ತಿ ಕೇಳಿದರು. "ಸರಿ ಬರ್ಲಿಲ್ಲ" ಎಂದರು.

"ಮನಿಯಂಗೆ ಲಾಯ್ಕ್ ಮಾಡ್ತ ಮರ್ರೆ," ಅಪ್ಪಯ್ಯ ನನ್ನ ಮಾನ ಕಾಪಾಡಲು ಮುಂದಾದರು. "ಇವತ್ತ್ ಹೆದ್ರಿದ."

ಚಹಾ ಬಂತು. ಸರ್ ಲೋಟವನ್ನು ತಿರುಗಿಸುತ್ತಾ ಅಪ್ಪಯ್ಯನಿಗೆ ಹೇಳಿದರು, ನನಗಲ್ಲ.

"ಬರೀಬಾರದು ಅಂತ ಅಲ್ಲ. ಎಷ್ಟೋ ಸಲ ಕೂತೆ. ಇದ್ದದ್ದನ್ನು ಇದ್ದ ಹಾಗೆ ಬರೆದ್ರೆ ಅವರು ನಾಳೆಯೇ ಇವನನ್ನು ಕರ್ಕೊಂಡು ಹೋಗ್ತಾರೆ. ಇಲ್ಲದ್ದು ಬರೀಲಿಕ್ಕೆ ಮನಸ್ಸು ಬರುದಿಲ್ಲ. ಹಾಗಾಗಿ ಬರೆಯದೆ ಕೂತದ್ದು. ನಾನು ಮೀನಿನ ರೆಕ್ಕೆಯ ಮುಳ್ಳು ಎಣಿಸಿ ಜಾತಿ ಹೇಳುವ ಕಾಲದವ. ಈಗ ಎಲ್ಲ ಆ ಪೆಟ್ಟಿಗೆಯ ಒಳಗೆ ಉಂಟು. ಇವ ಹೋದ್ರೆ ನನಗೆ ಅದನ್ನು ಎಬ್ಬಿಸ್ಲಿಕ್ಕೆ ಸಹ ಗೊತ್ತಿಲ್ಲ. ಅದು ಏಳದಿದ್ರೆ ಈ ಕೇಂದ್ರಕ್ಕೆ ಬೀಗ."

ಐದು ವರ್ಷ ಅವರ ಪ್ರತಿ ಕೆಮ್ಮನ್ನೂ ಕಲಿತಿದ್ದೆ. ಈ ಸ್ವರವನ್ನು ಮಾತ್ರ ಕೇಳಿರಲಿಲ್ಲ. ನಾನು ಸಿಕ್ಕಿಬಿದ್ದ ಬಲೆಯಲ್ಲೇ ಅವರೂ ಇದ್ದರು, ನನಗಿಂತ ಒಳಗೆ.

"ಗೊತ್ತಾತ್ತ್," ಎಂದರು ಅಪ್ಪಯ್ಯ. "ಒಳ್ಳೆ ಕಲಾಸಿನ್ನ ಬಿಡುದ್ ಕಷ್ಟವೇ. ನಾನೂ ಬಿಟ್ಟಿದ್ದೆ. ಬಿಟ್ಟ್ ವರ್ಷ ಮೀನೇ ಸಿಕ್ಲಿಲ್ಲೆ."

"ಆಮೇಲೆ ಎಂತ ಮಾಡಿದ್ರಿ?"

"ಎಂತ ಮಾಡುದ್? ಮತ್ತೊಬ್ಬನ್ನ ಕಲ್ಸ್ದೆ."

"ಇಲ್ಲಿ ಮತ್ತೊಬ್ಬ ಇಲ್ಲ. ನಾನೇ ಇರುವುದು."

"ಹಾಂಗಾರೆ ನಿಮ್ಗೇ ಕಲ್ಸ್ಲಿ." ಅಪ್ಪಯ್ಯ ನನ್ನ ಕಡೆ ನೋಡಲೂ ಇಲ್ಲ. "ಅಷ್ಟಮಿ ಹಿಂದಿನ ದಿನದ ತನಕ ಇವ ನಿಮ್ಮವ. ಕಲ್ಸಿ ಕೊಟ್ಟೇ ಹೋಯ್ಲಿ. ಕಲ್ತ್ ಮೇಲೆ ನೀವ್ ಬಿಡಿ."

ಹೀಗೆ, ನನ್ನನ್ನು ಬಿಡಿಸಲು ಬಂದ ಅಪ್ಪಯ್ಯ ನನ್ನನ್ನು ಇನ್ನೊಂದು ಸುತ್ತು ಗಟ್ಟಿಯಾಗಿ ಕಟ್ಟಿ, ಚಹಾ ಕುಡಿದು ಎದ್ದರು. ಸರ್ ಒಣಸಿಗಡಿಯ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ, "ಇದು ಯಾರು ಕೊಟ್ಟದ್ದು? ಅವರ ಹೆಸರು?" ಎಂದು ಕೇಳಿ, ಚೀಟಿ ಬರೆದು ಅಂಟಿಸಿ, ಗೌರವದಿಂದ ಫ್ರೀಜರಿನಲ್ಲಿಟ್ಟರು. ತಿನ್ನಲಾಗದ, ಎಸೆಯಲಾಗದ ವಸ್ತುವನ್ನು ವಿಜ್ಞಾನಿ ಇನ್ನೇನು ಮಾಡಿಯಾನು?

ಪಾಠ ಶುರುವಾಯಿತು. ಒಪ್ಪಂದ ಸರಳ: ಎರಡು ಬಂಗುಡೆಯ ಸಾಲುಗಳನ್ನು ಸರ್ ಒಬ್ಬರೇ, ನನ್ನನ್ನು ಕರೆಯದೆ, ಮೊದಲಿನಿಂದ ಕೊನೆಯ ತನಕ ಜೋಡಿಸಿ ಮುಗಿಸಿದ ದಿನ ಪತ್ರ. ನಾನೀಗ ಸೋಮವಾರ ಮಾತ್ರವಲ್ಲ, ದಿನವೂ ಸುತ್ತು ಬಸ್ಸಿನ ಗಿರಾಕಿ. ಕಪ್ಪು ಪರದೆ, ಅದರಲ್ಲಿ ಮಿಣಮಿಣ ಎನ್ನುವ ಒಂದು ಗೆರೆ. ಸರ್ ಎರಡೇ ಬೆರಳಲ್ಲಿ, ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಒತ್ತುತ್ತಿದ್ದರು. ಕೊನೆಯ ಕೀಲಿ ಒತ್ತುವಾಗ ತಣ್ಣೀರಿನ ಕೆರೆಗೆ ಮುಳುಗುವವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ತೆರೆದಾಗ ಪರದೆ ತುಂಬ ಬೈಗುಳ.

"ಇದು ಎಂತಕ್ಕೆ ಬೈಯ್ಯುವುದು?"

"ಒಂದು ಚುಕ್ಕೆ ಬಿಟ್ಟಿದ್ದೀರಿ ಸರ್."

"ಒಂದು ಚುಕ್ಕೆಗೆ ಇಷ್ಟು ಬೈಯ್ಯುವುದಾ? ನಾನು ನಿನಗೆ ಐದು ವರ್ಷದಲ್ಲಿ ಇಷ್ಟು ಬೈದದ್ದು ಉಂಟಾ?"

ಇಲ್ಲ. ಬೈದದ್ದೇ ಇಲ್ಲ. ಬೈದಿದ್ದರೆ ಅಣಕಿಸಲು ಇನ್ನೂ ಸುಲಭವಿತ್ತು.

ಒಂದು ದಿನ ಸರ್ ಗುರಿಯ ಹತ್ತಿರ ಬಂದಂತೆ ಕಾಣುತ್ತಿತ್ತು, ಮರುದಿನ ಅವರಿಗೆ ಹಿಂದಿನದೆಲ್ಲ ಮರೆತಿರುತ್ತಿತ್ತು. ಕರೆಂಟು ಹೋಗುತ್ತಿತ್ತು, ಯುಪಿಎಸ್ಸು ಕೀಂ ಎನ್ನುತ್ತಿತ್ತು, ಕಷ್ಟಪಟ್ಟು ಕಟ್ಟಿದ್ದೆಲ್ಲ ಮಾಯ. ಸಂಜೆ ಅಬ್ಬಿ ಆಸೆಯಿಂದ ಕೇಳುವಳು: "ಇವತ್ತ್ ಸರ್ ಎಂತ ಮಾಡ್ರ್? ಮಾಡ್ ಕಾಂಬ." ನನ್ನ ನಾಟಕ ಕಂಪನಿಗೆ ರಜೆ ಕೊಟ್ಟಿದ್ದೆ. ಅವರು ಎಷ್ಟು ನಿಧಾನವೋ ನನ್ನ ಕೊರಳಿನ ಹಗ್ಗ ಅಷ್ಟು ಬಿಗಿ. ಅದನ್ನು ನಟಿಸಿ ತೋರಿಸಲು ಉಸಿರು ಬೇಕಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಮಿಣಮಿಣ ಗೆರೆ. ಅದು ನನ್ನನ್ನೇ ಕೇಳುತ್ತಿತ್ತು, ಇನ್ನೂ ಹೋಯ್ಲಿಲ್ಯಾ?

ಕೊನೆಯ ದಿನ ಬಂದೇ ಬಂತು. ಬೆಳಗಿನಿಂದ ಮಳೆ ಆಕಾಶವನ್ನು ನೆಲಕ್ಕೆ ಹೊಲಿಯುವ ಹಾಗೆ ಸುರಿಯುತ್ತಿತ್ತು. ಸರ್ ಬೆಳಗ್ಗೆಯೇ ಕೂತು, ನಡುವೆ ಬಾಯಿ ಹಾಕಬೇಡ ಎಂದು ನನ್ನನ್ನು ಮೂಲೆಯ ಸ್ಟೂಲಿನಲ್ಲಿ ಕೂರಿಸಿದ್ದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ತಪ್ಪಿತು. ಮೂರನೆಯ ಸಲ ಪರದೆಯಲ್ಲಿ ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಸರ್ ಉಸಿರು ಹಿಡಿದರು. ನಾನೂ. ಅಷ್ಟರಲ್ಲಿ ಎಲ್ಲೋ ಮರ ಬಿದ್ದ ಸದ್ದು, ದೀಪ ಆರಿತು. ಯುಪಿಎಸ್ಸು ಕೂಗತೊಡಗಿತು.

ಜೋಡಣೆ ಅರ್ಧಕ್ಕೆ ಬಂದಿತ್ತು. ಮುಗಿಯುವ ತನಕ ಬ್ಯಾಟರಿ ಉಳಿಯಬಹುದು. ಆಮೇಲೆ ಪತ್ರಕ್ಕೆ ಉಳಿಯುವುದಿಲ್ಲ. ಪತ್ರ ಬರೆದರೆ ಜೋಡಣೆ ಹೋಯಿತು, ಸರ್ ಕಲಿತದ್ದೂ ಅರ್ಧ. ಇದು ಅವರಿಗೂ ಗೊತ್ತಿತ್ತು, ನಾನೇ ಕಲಿಸಿದ್ದು. ಸರ್ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಇಳಿಯುತ್ತಿದ್ದ ಸಾಲುಗಳನ್ನು ತಾವೇ ನಿಲ್ಲಿಸಿದರು.

"ಹೊರಗೆ ಹೋಗು."

"ಸರ್?"

"ಶಿಫಾರಸು ಗುಟ್ಟಿನದ್ದು. ಅಭ್ಯರ್ಥಿ ನೋಡಬಾರದು. ಹೋಗು ಹೊರಗೆ."

ನಾನು ಜಗಲಿಗೆ ಬಂದೆ. ಆದರೆ ಒತ್ತುವ ಅಕ್ಷರವನ್ನೆಲ್ಲ ಬಾಯಲ್ಲಿ ಹೇಳಿಕೊಂಡು ಬರೆಯುವವರ ಗುಟ್ಟು ಎಷ್ಟು ದೂರ ಹೋದೀತು? ಕಿಟಕಿಯ ಆಚೆಯಿಂದ ಎರಡು ಬೆರಳ ಟಕ್ ಟಕ್, ನಡುವೆ ಯುಪಿಎಸ್ಸಿನ ಕೀಂ ಕೀಂ, ಅದರ ಮೇಲೆ ಸರ್ ಅವರ ನಿಧಾನದ ಇಂಗ್ಲಿಷು. 'ಇವನು ಒಮ್ಮೆ ನೋಡಿದ್ದನ್ನು, ಯಾರದೇ ಆಗಿರಲಿ, ಹಾಗೆಯೇ ಮಾಡಿ ತೋರಿಸಬಲ್ಲ. ಪ್ರಯೋಗಾಲಯದಲ್ಲಿ ಇದು ದೊಡ್ಡ ಗುಣ. ಪ್ರಯೋಗಾಲಯದ ಹೊರಗಿನ ಬಗ್ಗೆ ಅಭಿಪ್ರಾಯ ಹೇಳಲು ನಾನು ಅರ್ಹನಲ್ಲ.' ಟಕ್. ಟಕ್. ಕೀಂ. 'ಇವನು ಹೋದರೆ ನನ್ನ ಕಂಪ್ಯೂಟರ್ ಕೋಣೆಗೆ ಬೀಗ ಹಾಕಬೇಕಾದೀತು. ಇದಕ್ಕಿಂತ ಹೆಚ್ಚು ಹೊಗಳುವುದು ಹೇಗೆಂದು ನನಗೆ ತಿಳಿಯದು.' ಕೀಂ ಕೀಂ ಕೀಂ. ಆ ಕೂಗು ಹತ್ತಿರ ಹತ್ತಿರ ಬರುತ್ತಿತ್ತು. ಓಡಿಹೋಗಿ ನಾನೇ ಒತ್ತಿಬಿಡಲೇ ಎಂದು ಕೈ ಚಡಪಡಿಸಿತು. ಒಳಗೆ ಎಲ್ಲ ನಿಂತಿತು. ಟಕ್ಕೂ ಇಲ್ಲ, ಕೀಂ ಕೂಡ ಇಲ್ಲ. ಮಳೆ ಮಾತ್ರ.

ಸರ್ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಬಂದರು. "ಹೋಯಿತು."

"ಯಾವುದು ಸರ್, ಪತ್ರವಾ, ಕರೆಂಟಾ?"

"ಎರಡೂ. ಪತ್ರ ಮೊದಲು ಹೋಯಿತು. ಹೋಯಿತು ಅಂತ ಬರೆದು ಬಂತು, ಆಮೇಲೆ ಕಪ್ಪು." ಕನ್ನಡಕ ಉಜ್ಜಿದರು. "ನಿಮ್ಮ ಮನೆಯ ಫೋನ್ ನಂಬ್ರ ಹೇಳು."

ಕರೆಂಟಿಲ್ಲದಿದ್ದರೂ ಮೇಜಿನ ಮೇಲಿನ ಹಳೆಯ ಫೋನಿಗೆ ಜೀವವಿತ್ತು. ನಾನು ನಂಬರು ಒತ್ತಿಕೊಟ್ಟೆ. ಆಚೆ ಅಪ್ಪಯ್ಯ "ಹಲೋ" ಎಂದು ಕಡಲಿಗೇ ಕೇಳುವಂತೆ ಕೂಗಿದರು. ಸರ್ ನೆಟ್ಟಗೆ ನಿಂತರು, ಗಂಟಲು ಸರಿಮಾಡಿಕೊಂಡರು, ಮಂಗಳೂರಿನ ತಮ್ಮ ಮಾತು ಬಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರನ್ನು ಅಣಕಿಸುವವರಂತೆ ತಡೆತಡೆದು ಹೇಳಿದರು:

"ಹ್ವಾಯ್. ನಿಮ್ಮ ಮಾಣಿನ್ನ... ಬಿಟ್ಟೆ ಮರ್ರೆ."

ಆಚೆಯಿಂದ "ಕಲ್ತ್ರಾ?" ಎಂಬ ಅಪ್ಪಯ್ಯನ ಸ್ವರ.

ಸರ್ ನನ್ನ ಮುಖ ನೋಡಲಿಲ್ಲ. "ಕಲಿತೆ," ಎಂದು ಫೋನ್ ಇಟ್ಟರು.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ಅಂದು ಸಂಜೆ ಸುತ್ತು ಬಸ್ಸಿನಲ್ಲಿ ನಾನು ಮನೆಗೆ ಹೋದೆ, ಮಳೆಗಾಲ ಕಳೆದ ಮೇಲೆ ನಾರ್ವೆಗೂ ಹೋದೆ. ಅಲ್ಲಿ ನಿಜಕ್ಕೂ ವರ್ಷವಿಡೀ ಮಳೆ. ಅದು ಮುಗಿದ ಮೇಲೆ ಹೈದರಾಬಾದಿನ ಇನ್ನೊಬ್ಬರ ಲ್ಯಾಬು. ಅಪ್ಪಯ್ಯ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ ಕೇಳುತ್ತಿದ್ದರು, ಸ್ವಂತ ಬೋಟ್ ಯಾವಾಗ ಎಂದು. ನಾನು ಹವಾಮಾನದ ವಿಷಯ ತೆಗೆಯುತ್ತಿದ್ದೆ. ಕೇಂದ್ರದ ಕಂಪ್ಯೂಟರ್ ಕೋಣೆಯನ್ನು ಸರ್ ಎರಡು ಬೆರಳಲ್ಲೇ ಅವರ ನಿವೃತ್ತಿಯ ತನಕ ತಳ್ಳಿಕೊಂಡು ಬಂದರಂತೆ. ಆಮೇಲೆ ಅದನ್ನು ಎಬ್ಬಿಸುವವರು ಯಾರೂ ಬರಲಿಲ್ಲ.

ಹೋದ ಮಳೆಗಾಲದಲ್ಲಿ ನಾನು ಊರಿನಲ್ಲಿದ್ದದ್ದು ರಜೆಯಿಂದಲ್ಲ. ಹೈದರಾಬಾದಿನದೂ ಮುಗಿದಿತ್ತು, ಮುಂದಿನ ಕರೆ ಬಂದಿರಲಿಲ್ಲ. ದೋಣಿ ನಿಂತಿತ್ತು. ಕೇರಿಯ ತಿರುವಿನಲ್ಲಿ ಈಗ ಪ್ರಶ್ನೆಯೂ ತಿರುಗಿತ್ತು: "ಹ್ವಾಯ್ ಡಾಕ್ಟ್ರೇ, ಇನ್ನ್ ಇಲ್ಲಿಯೇಯಾ?"

ಕೇಂದ್ರದ ಖಾಲಿ ಕೋಣೆಯಲ್ಲಿ ಒಣಸಿಗಡಿಯ ಪೊಟ್ಟಣವನ್ನು ಸರ್ ಎರಡು ಬೆರಳಲ್ಲಿ ಎತ್ತಿ ನನ್ನ ಕೈಗಿಟ್ಟರು. "ತಾಯಿಗೆ ವಾಪಸು ಕೊಡು. ಹಾಳಾಗದ ಹಾಗೆ ಇಟ್ಟಿದ್ದೇನೆ ಅಂತ ಹೇಳು." ತಲೆ ಬಿಳಿಯಾಗಿತ್ತು, ಎತ್ತರ ಸ್ವಲ್ಪ ಬಾಗಿತ್ತು, ಈಗ ಬಾಗಿಲಿಗೆ ತಗ್ಗಬೇಕಾಗಿರಲಿಲ್ಲ. "ನಿನ್ನದು ಎಲ್ಲಿಗೆ ಬಂತು ಮಾರಾಯ? ಸ್ವಂತ ಬೋಟು ಆಯಿತಾ?"

ನಾನು ಫ್ರೀಜರಿನಿಂದ ಹರಿದು ಕಾಲಿಗೆ ಬರುತ್ತಿದ್ದ ನೀರನ್ನು ನೋಡಿದೆ. ನನ್ನ ಕಣ್ಣಿಗೂ ಆಗಲೇ ಕನ್ನಡಕ ಬಂದಿತ್ತು. ತೆಗೆದೆ. ಅದರ ಮೇಲೆ ಮಂಜು ಕೂತಿತ್ತು, ಅಂಗಿಯ ತುದಿಯಿಂದ ಒರೆಸಿದೆ. ಗಂಟಲಲ್ಲಿ ಸಣ್ಣ ಗುಡುಗು ಬಂತು.

"ನೋಡುವ ಸರ್," ಎಂದೆ.

ವಾಮನ ಸರ್ ಪರೀಕ್ಷಕರಂತೆ ತಲೆಯಾಡಿಸಿದರು.

"ಈಗ ಸರಿ ಬಂತು," ಎಂದರು.